ಎರಡೂ ಕಾಲು ನೆಲ ಬಿಟ್ಟಾಗ

ಕರಾಟೆ ಕ್ಲಾಸಿನಲ್ಲಿ ನನ್ನ ಹೆಸರು ಮೂಟೆ. ಇಟ್ಟವನು ಡಿಗ್ರಿ. ಡಿಗ್ರಿ ಅಂದರೆ ಕಾಲೇಜಿನ ಕೊನೇ ವರ್ಷ ಓದುವ ಒಬ್ಬ ಕನ್ನಡಕದವನು. ಅವನಿಗೆ ಆ ಹೆಸರಿಟ್ಟವನು ನಾನು. ಅಲ್ಲಿಗೆ ಸಮಸಮ ಆಗಬೇಕಿತ್ತು, ಆಗಲಿಲ್ಲ. ಡಿಗ್ರಿ ಅಂತ ಕೂಗಿದರೆ ಅವನಿಗೆ ಒಳಗೊಳಗೇ ಖುಷಿ.

ನಾನು ಮೊದಲ ಸಲ ಹಾರಿ ಒದೆಯಲು ಹೋಗಿ ದೊಪ್ಪನೆ ಬಿದ್ದಾಗ, "ಮಾಸ್ಟರ್, ಯಾರೋ ಮೂಟೆ ಇಳಿಸಿದ್ರು ನೋಡಿ" ಅಂದಿದ್ದ. ಇಡೀ ಹಾಲ್ ನಕ್ಕಿತು. ನಾನು ನಿಜವಾಗಿಯೂ ಗೋದಾಮಿನಲ್ಲಿ ಮೂಟೆ ಹೊರುವವನು ಅಂತ ಅವನಿಗೆ ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಂದು ಸಾರಿ ಕೇಳಿದ. ಅದರಿಂದ ಇನ್ನೂ ಸಿಟ್ಟು ಬಂತು. ನಗುವವನಿಗೆ ಒಂದು ಬಾರಿಸಬಹುದು. ಸಾರಿ ಕೇಳುವವನಿಗೆ ಏನು ಮಾಡುವುದು.

ಸಿಟ್ಟಿಗೆ ನನಗೆ ದೊಡ್ಡ ಕಾರಣ ಬೇಕಿಲ್ಲ. "ನಮ್ಮಣ್ಣನಿಗೆ ಸಿಟ್ಟು ಮೂಗಿನ ತುದೀಲೇ ಇರತ್ತೆ, ಸೀನಿದ್ರೂ ಸಿಡಿಯತ್ತೆ" ಅಂತ ತಂಗಿ ತನ್ನ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಎಂಟನೇ ಕ್ಲಾಸಿನ ನಡುವೆ ನಾನು ಸ್ಕೂಲು ಬಿಟ್ಟೆ. ಅಪ್ಪ ಗೋದಾಮಿನಲ್ಲಿ ಲಾರಿಗೆ ಹಾಕಿದ್ದ ಹಲಗೆಯ ಮೇಲಿಂದ ಮೂಟೆ ಸಮೇತ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅದು. ಟಿ.ಸಿ. ತರಲು ಹೋದ ದಿನ ಹೆಡ್‌ಮೇಡಂ ಸಹಿ ಹಾಕುತ್ತಾ ಪಕ್ಕದಲ್ಲಿದ್ದ ಗುಮಾಸ್ತರಿಗೆ, "ಹೋಗ್ಲಿ ಬಿಡಿ, ಇವನಿಗೆ ತಲೆಗಿಂತ ಹೆಗಲೇ ಗಟ್ಟಿ" ಅಂದರು. ಗುಮಾಸ್ತರು ನಕ್ಕರು. ನಾನೂ ನಕ್ಕೆ. ಹದಿಮೂರು ವರ್ಷದವನಿಗೆ ಇನ್ನೇನು ಮಾಡಬೇಕು ಅಂತ ತೋಚಲಿಲ್ಲ. ಒಂಬತ್ತು ವರ್ಷ ಆಯಿತು. ಆ ದಿನ ನಾನು ನಕ್ಕಿದ್ದಕ್ಕೆ ನನ್ನ ಮೇಲೆ ನನಗೆ ಇರುವ ಸಿಟ್ಟು ಇನ್ನೂ ಆರಿಲ್ಲ.

ಕರಾಟೆ ಕ್ಲಾಸು ನಡೆಯುವುದು ಅದೇ ಸ್ಕೂಲಿನ ಹಾಲಿನಲ್ಲಿ. ಸಂಜೆ ಐದೂವರೆಗೆ ಹಿಂದಿನ ಗೇಟು ತೆಗೆಯುತ್ತಾರೆ, ಅಲ್ಲಿಂದ ನುಗ್ಗಬೇಕು. ಮುಂದಿನ ಗೇಟು ಓದುವವರಿಗೆ.

ನಮ್ಮ ಮಾಸ್ಟರ್ ಹಗಲು ಟೈಲರ್. ಸ್ಕೂಲಿನ ಎದುರಿಗೇ ಅಂಗಡಿ. ಕ್ಲಾಸಿಗೆ ಬರುವಾಗಲೂ ಕೊರಳಲ್ಲಿ ಅಳತೆ ಟೇಪು, ಜೇಬಿನಲ್ಲಿ ಬಟ್ಟೆಗೆ ಗೆರೆ ಎಳೆಯುವ ನೀಲಿ ಚಾಕ್‌ಪೀಸು. ಹೊಸಬರು ಬಂದ ದಿನವೇ ಗೋಡೆಗೆ ಒರಗಿಸಿ ನಿಲ್ಲಿಸಿ ಸೊಂಟಕ್ಕೊಂದು, ಎದೆಗೊಂದು, ನೆತ್ತಿಗೊಂದು ಗೆರೆ ಹಾಕುತ್ತಾರೆ. ಸೊಂಟದ ಗೆರೆಗೆ ಒದ್ದರೆ ಹಳದಿ ಬೆಲ್ಟು, ಎದೆಗೆ ಒದ್ದರೆ ಹಸಿರು. ನೆತ್ತಿಯ ಗೆರೆಯ ಎತ್ತರಕ್ಕೆ ಹಿಡಿದ ಹಲಗೆಯನ್ನು ಹಾರಿ ಒದ್ದು ಮುರಿದರೆ ಬ್ರೌನ್ ಬೆಲ್ಟು. ನಿಂತು ಒದೆಯುವ ಹಾಗಿಲ್ಲ. ಹಲಗೆಗೆ ಪಾದ ತಾಗುವಾಗ ಎರಡೂ ಕಾಲು ಗಾಳಿಯಲ್ಲಿರಬೇಕು.

ನಾಲ್ಕು ವರ್ಷದಲ್ಲಿ ಉಳಿದದ್ದೆಲ್ಲ ಕಲಿತೆ. ನನ್ನ ಗುದ್ದಿಗೆ ಎದುರು ನಿಲ್ಲಲು ಹಾಲಿನಲ್ಲಿ ಯಾರೂ ಮುಂದೆ ಬರುವುದಿಲ್ಲ. ಆದರೆ ಹಾರು ಅಂದರೆ ಮುಗೀತು. ಬ್ರೌನ್ ಬೆಲ್ಟಿನ ಮೊದಲ ಪರೀಕ್ಷೆಯಲ್ಲಿ ಮೂರು ಹೆಜ್ಜೆ ಓಡಿ ಹಲಗೆಯ ಮುಂದೆ ಮೊಳೆ ಹೊಡೆದ ಹಾಗೆ ನಿಂತುಬಿಟ್ಟೆ. ಎರಡನೆಯದರಲ್ಲಿ ನಿಲ್ಲಬಾರದು ಅಂತ ಹಲ್ಲು ಕಚ್ಚಿಕೊಂಡು ಓಡಿ, ಹಲಗೆ ಹಿಡಿದಿದ್ದ ಡಿಗ್ರಿಗೇ ಹೋಗಿ ಡಿಕ್ಕಿ ಹೊಡೆದೆ. ಹಲಗೆಗೆ ಒಂದು ಗೀರೂ ಆಗಲಿಲ್ಲ. ಡಿಗ್ರಿಯ ಕನ್ನಡಕ ಮಾತ್ರ ಎರಡು ತುಂಡು.

"ಪರವಾಗಿಲ್ಲ, ಏನೋ ಒಂದು ಮುರಿದೆಯಲ್ಲ" ಅಂದ ಡಿಗ್ರಿ, ನೆಲದ ಮೇಲೆ ಗಾಜು ತಡಕಾಡುತ್ತಾ.

ಮೂರನೇ ಪರೀಕ್ಷೆ ಬರುವ ಹೊತ್ತಿಗೆ ವಿಷಯ ಬರೀ ಬೆಲ್ಟಿನದಾಗಿ ಉಳಿದಿರಲಿಲ್ಲ. ಮಾಸ್ಟರ್ ಮಂಡಿ ಸವೆದಿತ್ತು. ಸ್ಕೂಲಿನ ಮಕ್ಕಳಿಗೆ ಬೆಳಗಿನ ಹೊತ್ತು ಕಲಿಸಲು ಅವರಿಂದ ಆಗುತ್ತಿರಲಿಲ್ಲ. ಒಂದು ಸೋಮವಾರ ಕ್ಲಾಸು ಮುಗಿದ ಮೇಲೆ ನನ್ನನ್ನು ತಡೆದರು.

"ಬೆಳಗಿನ ಕ್ಲಾಸಿಗೆ ಒಬ್ಬರು ಬೇಕು ಅಂತ ಹೆಡ್‌ಮೇಡಂ ಕೇಳಿದಾರೆ. ನಿನ್ನ ಹೆಸರು ಹೇಳಿದೀನಿ."

"ನನಗೆ ಓದು ಇಲ್ವಲ್ಲ ಮಾಸ್ಟರ್."

"ಓದು ಕೇಳಿಲ್ಲ. ಬ್ರೌನ್ ಬೆಲ್ಟ್ ಕೇಳಿದಾರೆ. ಭಾನುವಾರದ ಪರೀಕ್ಷೆಗೆ ಅವರೇ ಬಂದು ನೋಡ್ತಾರಂತೆ. ನೀನು ಪಾಸಾಗದಿದ್ರೆ ಬೇರೆ ಕಡೆಯಿಂದ ಯಾರನ್ನೋ ಕರೆಸ್ತಾರೆ."

"ಡಿಗ್ರಿ ಹತ್ರ ಬ್ರೌನ್ ಬೆಲ್ಟ್ ಇದೆಯಲ್ಲ."

"ಅವನು ಬೆಳಗ್ಗೆ ಎಂಟಕ್ಕೆ ಮುಂಚೆ ಎದ್ದಿದ್ದನ್ನ ಅವನ ಅಮ್ಮನೇ ನೋಡಿಲ್ಲ."

ಮುಂದಿನ ಗೇಟಿನಿಂದ ಒಳಗೆ ಹೋಗುವುದು. ಹೆಡ್‌ಮೇಡಂ ರೂಮಿನ ಕೆಳಗೇ ಇರುವ ಅಂಗಳದಲ್ಲಿ ನಿಂತು ಮಕ್ಕಳಿಗೆ ಹೇಳಿಕೊಡುವುದು. ಪರೀಕ್ಷೆಗೆ ಆರು ದಿನ ಇತ್ತು.

"ಈಗಲೇ ತೋರಿಸಿಕೊಡಿ ಮಾಸ್ಟರ್. ನಾನು ಹಾರ್ತೀನಿ, ಆದ್ರೆ ಎಲ್ಲೋ ತಪ್ಪತ್ತೆ."

ಮಾಸ್ಟರ್ ಜೇಬಿನಿಂದ ಚಾಕ್‌ಪೀಸು ತೆಗೆದು, "ಪಾದ ಎತ್ತು" ಅಂದರು. ಎರಡೂ ಅಂಗಾಲಿಗೆ ದಪ್ಪಗೆ ನೀಲಿ ಬಳಿದರು. "ಈಗ ಹಾರು."

ಮೂರು ಹೆಜ್ಜೆ ಓಡಿ, ಮೈಯೆಲ್ಲ ಒಟ್ಟು ಮಾಡಿ ಹಾರಿ ಒದ್ದೆ. ಈ ಸಲ ಚೆನ್ನಾಗಿ ಎದ್ದೆ ಅಂತಲೇ ಅನ್ನಿಸಿತು. ತಿರುಗಿ ನೋಡಿದರೆ ಕಪ್ಪು ನೆಲದ ಮೇಲೆ ಒಂದು ಉದ್ದನೆ ನೀಲಿ ಗೆರೆ. ನನ್ನ ಎಡಗಾಲು ಒಂದು ಗೇಣು ಜಾರಿತ್ತು, ಎದ್ದಿರಲಿಲ್ಲ. ಮಾಸ್ಟರ್ ಕಷ್ಟಪಟ್ಟು ಬಗ್ಗಿ ಟೇಪು ಹಿಡಿದರು.

"ಒಂಬತ್ತೂವರೆ ಇಂಚು. ಇದನ್ನ ಹಾರೋದು ಅಂತಾರೇನೋ? ನೆಲ ಒರೆಸೋದು ಅಂತಾರೆ."

ಹತ್ತು ಸಲ ಹಾರಿಸಿದರು. ಹತ್ತು ಗೆರೆ ಬಿತ್ತು.

"ನಿನ್ನ ಕಾಲಿಗೆ ಶಕ್ತಿ ಕಮ್ಮಿ ಇಲ್ಲ" ಅಂದರು ಮಾಸ್ಟರ್. "ಯಾರೋ ನಿನಗೆ ಕಾಲು ನೆಲ ಬಿಡಬಾರದು ಅಂತ ಕಲಿಸಿದಾರೆ. ಚೆನ್ನಾಗೇ ಕಲಿಸಿದಾರೆ."

ಯಾರು ಅಂತ ಯೋಚಿಸಬೇಕಾಗಿರಲಿಲ್ಲ. ನಾನು ಗೋದಾಮಿಗೆ ಕಾಲಿಟ್ಟ ಮೊದಲ ದಿನ ಅಪ್ಪ ಗೋಡೆ ಹಿಡಿದು ನಿಂತುಕೊಂಡು ಒಂದೇ ಪಾಠ ಹೇಳಿದ್ದ: ಮೂಟೆ ಬೀಳಲಿ, ಹರಿಯಲಿ, ಮಾಲೀಕ ಬೈಯಲಿ, ಒಂದು ಕಾಲು ಮಾತ್ರ ಯಾವಾಗಲೂ ನೆಲದ ಮೇಲಿರಬೇಕು, ಅದನ್ನ ಎತ್ತಿದ್ದಕ್ಕೇ ನಾನು ಬಿದ್ದೆ. ಅವತ್ತಿನಿಂದ ಹಾಗೇ ನಡೆದಿದ್ದೇನೆ. ರಸ್ತೆಯಲ್ಲಿ ಮೋರಿ ಬಂದರೂ ನಾನು ದಾಟುತ್ತೇನೆ, ಹಾರುವುದಿಲ್ಲ.

ಮನೆಗೆ ಹೋಗಿ ತಟ್ಟೆ ಮುಂದೆ ಕೂತವನೇ ಎಲ್ಲವನ್ನೂ ಅಪ್ಪನ ಮೇಲೆ ಸುರಿದೆ. ಕಲಿಸಿದ್ದು ಒಂದು ಪಾಠ, ಅದೂ ನನ್ನ ಕಾಲಿಗೆ ಕಟ್ಟಿದ ಕಲ್ಲು, ನಿನ್ನ ಭಯವನ್ನು ನನಗೇಕೆ ಅಂಟಿಸಿದೆ, ಹೀಗೇ. ಅಪ್ಪ ತಲೆ ಎತ್ತದೆ ಊಟ ಮಾಡಿದ. ಅಮ್ಮ, "ತಿನ್ನೋವಾಗ ಕಿರುಚಬೇಡ, ನೆತ್ತಿಗೆ ಹತ್ತತ್ತೆ" ಅಂದಳು.

"ಹತ್ಲಿ ಬಿಡಮ್ಮ" ಅಂದಳು ತಂಗಿ. "ನೆತ್ತಿ ತನಕ ಏನಾದ್ರೂ ಒಂದು ಹೋಗ್ಲಿ."

ಅವಳು ಈಗ ಅದೇ ಸ್ಕೂಲಿನಲ್ಲಿ ಎಂಟನೇ ಕ್ಲಾಸು. ಬೆಳಗಿನ ಕರಾಟೆಗೂ ಸೇರಿದ್ದಳು. ಅದಕ್ಕೇ ಅವಳಿಗೆ ನಾನು ಪಾಸಾದರೂ ಮರ್ಯಾದೆ ಪ್ರಶ್ನೆ, ಫೇಲಾದರೂ ಮರ್ಯಾದೆ ಪ್ರಶ್ನೆ.

"ಪಾಸಾದ್ರೆ ನಿನ್ನ ಸರ್ ಅನ್ನಬೇಕಾ?"

"ಅನ್ನಬೇಕು."

"ಹಾಗಾದ್ರೆ ದೇವ್ರೇ ಗತಿ. ಯಾರಿಗೆ ಅಂತ ಆಮೇಲೆ ಹೇಳ್ತೀನಿ."

ಮಂಗಳವಾರ, ಬುಧವಾರ, ಗುರುವಾರ. ಗೆರೆ ಒಂಬತ್ತೂವರೆಯಿಂದ ಎಂಟು ಇಂಚಿಗೆ ಇಳಿಯಿತು, ಅಷ್ಟೇ. ಸಿಟ್ಟಿನಲ್ಲಿ ಜೋರಾಗಿ ಓಡಿದಷ್ಟೂ ಎಡಗಾಲು ನೆಲವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಆ ಕಾಲು ನನ್ನದಲ್ಲ, ಅಪ್ಪನದು ಅನ್ನಿಸಿತು. ಅಪ್ಪನ ಜೊತೆ ಮಾತು ಬಿಟ್ಟಿದ್ದೆ. ಒಂದೇ ಗೋದಾಮಿನಲ್ಲಿ ಇದ್ದುಕೊಂಡು ಮಾತು ಬಿಡುವುದು ಸುಲಭವಲ್ಲ. ಸೊಂಟ ಹೋದ ಮೇಲೆ ಅಪ್ಪನಿಗೆ ಬಾಗಿಲ ಹತ್ತಿರ ಕೂತು ಹರಿದ ಮೂಟೆ ಹೊಲಿಯುವ ಕೆಲಸ. ದಬ್ಬಣಕ್ಕೆ ಸಣಬಿನ ಹುರಿ ಪೋಣಿಸಿಕೊಂಡು ದಿನವಿಡೀ ಹೊಲಿಯುತ್ತಾನೆ. ನಾನು ದಿನಕ್ಕೆ ಇನ್ನೂರು ಸಲ ಅವನ ಮುಂದೆಯೇ ಹಾದುಹೋಗಬೇಕು.

ಶುಕ್ರವಾರ ಮಧ್ಯಾಹ್ನ ಅಟ್ಟಿ ಕಟ್ಟುತ್ತಿದ್ದೆ. ಮೂಟೆಯ ಮೇಲೆ ಮೂಟೆ ಪೇರಿಸುವುದಕ್ಕೆ ನಾವು ಅಟ್ಟಿ ಅನ್ನುತ್ತೇವೆ. ಕೆಳಗಿನ ಸಾಲುಗಳಿಗೆ ಬಲ ಸಾಕು. ಸಾಲು ತಲೆಯ ಎತ್ತರಕ್ಕೆ ಬಂದ ಮೇಲೆ ಒಂದು ಉಪಾಯ ಬೇಕು. ಮೂಟೆಯನ್ನು ಎದೆಗೆ ಅಪ್ಪಿಕೊಂಡು, ಬಲ ಮಂಡಿಯನ್ನು ಅದರ ಹೊಟ್ಟೆಯ ಕೆಳಗೆ ಕೊಟ್ಟು, ಒಂದೇ ಏಟಿಗೆ ಮೇಲಕ್ಕೆ ಎಗರಿಸಬೇಕು. ಐವತ್ತು ಕಿಲೋ ಹಾಗೆ ಮೇಲೆ ಹೋಗಿ ಕೂರುತ್ತದೆ. ಇದನ್ನು ಮಂಡಿ ಕೊಡುವುದು ಅನ್ನುತ್ತಾರೆ. ನನ್ನಷ್ಟು ಚೆನ್ನಾಗಿ ಮಂಡಿ ಕೊಡುವವರು ನಮ್ಮ ಗೋದಾಮಿನಲ್ಲಿ ಇನ್ನೊಬ್ಬರಿಲ್ಲ.

"ಅದೊಂದು ಬಾಕಿ ಇದೆ, ಇಡು" ಅಂದ ಅಪ್ಪ. ಪಕ್ಕದಲ್ಲಿ ಆಗಷ್ಟೇ ಬಾಯಿ ಹೊಲಿದ ಮೂಟೆಯೊಂದು ಕಟ್ಟೆಯ ಮೇಲೆ ಕೂತಿತ್ತು. ಹೋಗಿ, ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡು ಅದನ್ನು ಅಪ್ಪಿದೆ, ದಮ್ಮು ಕಟ್ಟಿದೆ, ಮಂಡಿ ಕೊಟ್ಟೆ.

ಮೂಟೆಯಲ್ಲಿ ತೂಕವೇ ಇರಲಿಲ್ಲ.

ಮೂಟೆ ಹೊರುವವರಿಗೆ ಮಾತ್ರ ಗೊತ್ತಿರುವ ಪೆಟ್ಟು ಇದು. ಐವತ್ತು ಕಿಲೋ ಅಂತ ಮೈ ತಯಾರಾಗಿರುತ್ತದೆ, ಕೈಗೆ ಬಂದದ್ದು ಐದು ಕಿಲೋ. ಉಳಿದ ಬಲ ಎಲ್ಲಿಗೆ ಹೋಗಬೇಕು? ನನ್ನನ್ನೇ ಎತ್ತಿಕೊಂಡು ಹೋಯಿತು. ಮಂಡಿ ಎದೆಗೆ ಬಂತು, ಸೊಂಟ ಅದರ ಹಿಂದೆ ಬಂತು, ಅಟ್ಟಿಯ ಮೇಲಿನ ಸಾಲು ನನ್ನ ಕಣ್ಣಿನ ಕೆಳಗೆ ಕಂಡಿತು. ಮೂಟೆ ಎಲ್ಲೋ ಹಾರಿಹೋಯಿತು. ನಾನು ಅಂಗಾತ ಬಂದು ಖಾಲಿ ಚೀಲಗಳ ರಾಶಿಯ ಮೇಲೆ ಬಿದ್ದೆ. ಸುತ್ತ ಇದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಧೂಳು ಕೊಡವಿಕೊಂಡು ಎದ್ದು ಅಪ್ಪನ ಮುಂದೆ ನಿಂತೆ. ನಾಲ್ಕು ದಿನದ ಮೌನ ಮುರಿಯಿತು. "ಏನಿತ್ತು ಅದರಲ್ಲಿ?"

"ಹೊಟ್ಟು" ಅಂದ ಅಪ್ಪ. "ಬೆಳಗ್ಗೆಯಿಂದ ತುಂಬಿ ಹೊಲಿದಿಟ್ಟಿದ್ದೆ."

"ನನ್ನ ಸೊಂಟಾನೂ ಮುರೀಬೇಕಿತ್ತಾ ನಿನಗೆ?"

"ಬೀಳೋ ಕಡೆ ಚೀಲ ಹಾಸಿದ್ದು ಯಾರು ಅಂದ್ಕೊಂಡೆ? ಅದಿರಲಿ, ಕಾಲು ನೋಡಿದೆಯಾ? ಎರಡೂ ನೆಲ ಬಿಟ್ಟಿದ್ವು. ನಾನು ನೋಡ್ದೆ. ಮೊಣಕಾಲುದ್ದ ಬಿಟ್ಟಿದ್ವು."

ನಾನು ಬಗ್ಗಿ ನನ್ನ ಕಾಲು ನೋಡಿಕೊಂಡೆ.

"ದಿನಕ್ಕೆ ಇನ್ನೂರು ಸಲ ಹಾರ್ತೀಯ ಕಣೋ ನೀನು. ಮೂಟೆ ನಿನ್ನ ಒತ್ತಿ ಹಿಡಿದಿರತ್ತೆ, ಅದಕ್ಕೆ ಗೊತ್ತಾಗಲ್ಲ. ಆ ಕರಾಟೆ ಹಾಲಲ್ಲಿ ಮೂಟೆ ಇಲ್ವಲ್ಲ, ನೀನ್ಯಾಕೆ ಅಲ್ಲಿ ಓಡಿ ಓಡಿ ಸಾಯ್ತೀಯ? ಮಂಡಿ ಕೊಡು. ಅದು ಹೋದಲ್ಲಿಗೆ ಇನ್ನೊಂದು ಕಾಲು ತಾನಾಗೇ ಬರತ್ತೆ."

ಮಾಸ್ಟರ್ ಸಾವಿರ ಸಲ ಇದನ್ನೇ ಹೇಳಿದ್ದರು: ಮೊದಲು ಒಂದು ಮಂಡಿ ಮೇಲೆ, ಆಮೇಲೆ ನೆಲ ಒದ್ದ ಕಾಲಿನಿಂದ ಒದೆ. ಕಿವಿಗೆ ಬಿದ್ದಿತ್ತು, ಕಾಲಿಗೆ ಬಿದ್ದಿರಲಿಲ್ಲ.

"ಮತ್ತೆ ಒಂದು ಕಾಲು ನೆಲದ ಮೇಲಿರಬೇಕು ಅಂದೆಯಲ್ಲ. ಎತ್ತಿದ್ದಕ್ಕೇ ನೀನು ಬಿದ್ದೆ ಅಂದೆಯಲ್ಲ."

ಅಪ್ಪ ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟ. "ನಾನು ಕಾಲು ಎತ್ತಿ ಬಿದ್ದಿದ್ದಲ್ಲ. ಹಲಗೆ ಮುರೀತು. ಎರಡು ಕಾಲೂ ಸರಿಯಾಗಿ ಊರಿಕೊಂಡೇ ಬಿದ್ದೆ. ಹದಿಮೂರು ವರ್ಷದ ಹುಡುಗನಿಗೆ ಹಲಗೆ ಮುರೀಬಹುದು ಅಂತ ಹೇಳಿದ್ರೆ ನೀನು ಅದರ ಮೇಲೆ ಕಾಲಿಡ್ತಿದ್ದೆಯಾ? ನನಗೆ ಬೇರೆ ಏನೂ ತೋಚಲಿಲ್ಲ."

ಇದಕ್ಕೆ ಹೇಗೆ ಸಿಟ್ಟು ಮಾಡಿಕೊಳ್ಳಬೇಕು ಅಂತ ನನಗೆ ಗೊತ್ತಾಗಲಿಲ್ಲ. ಹೋಗಿ ಹೊಟ್ಟಿನ ಮೂಟೆಯನ್ನು ಹುಡುಕಿ ತಂದೆ. ಅವತ್ತು, ಮಾರನೇ ದಿನ, ಊಟದ ಬಿಡುವಿನಲ್ಲಿ ಅದಕ್ಕೆ ಮಂಡಿ ಕೊಟ್ಟು ಕೊಟ್ಟು ಅದರ ಹೊಲಿಗೆ ಬಿಟ್ಟುಹೋಯಿತು. ಆಮೇಲೆ ಬರೀ ತೋಳು ಅಪ್ಪಿಕೊಂಡು, ಇಲ್ಲದ ಮೂಟೆಗೆ ಮಂಡಿ ಕೊಟ್ಟೆ. ಅಪ್ಪ ಹೊಲಿಯುತ್ತಲೇ, "ಇನ್ನೂ ತೂಕ ಇದೆ ಅಂದ್ಕೊ... ಅಂದ್ಕೊ... ಹ್ಞಾ" ಅನ್ನುತ್ತಿದ್ದ.

ಶನಿವಾರ ಸಂಜೆ ಮಾಸ್ಟರ್ ಅಂಗಾಲಿಗೆ ಚಾಕ್‌ಪೀಸು ಬಳಿದರು. ಹಾರಿದೆ. ನೆಲದ ಮೇಲೆ ಇಲ್ಲೊಂದು ನೀಲಿ ಪಾದ, ಅಲ್ಲೊಂದು ಜೋಡಿ ನೀಲಿ ಪಾದ, ನಡುವೆ ಏನೂ ಇಲ್ಲ. ಮಾಸ್ಟರ್ ಟೇಪು ಹಿಡಿಯಲಿಲ್ಲ. ಆ ಖಾಲಿ ಜಾಗದ ಸುತ್ತ ಒಂದು ಸುತ್ತು ನಡೆದು, "ಇದನ್ನ ಇವತ್ತು ಯಾರೂ ಒರೆಸಬೇಡಿ" ಅಂದರು.

ಭಾನುವಾರ ಬೆಳಗ್ಗೆ ಹಾಲಿನ ತುಂಬ ಜನ. ಹೆಡ್‌ಮೇಡಂ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಕೂದಲು ಬೆಳ್ಳಗಾಗಿತ್ತು, ಪೆನ್ನು ಹಿಡಿಯುವ ರೀತಿ ಹಾಗೇ ಇತ್ತು. ನನ್ನ ಗುರುತು ಹತ್ತಲಿಲ್ಲ. ಅಮ್ಮ, ತಂಗಿ ಕಿಟಕಿಯ ಪಕ್ಕ. ಅಪ್ಪ ಕೂರಲು ಆಗದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

ಮಾಸ್ಟರ್ ನಿಯಮ ಹೇಳಿದರು: ಎರಡು ಅವಕಾಶ. ಡಿಗ್ರಿ ಹಲಗೆಯನ್ನು ನನ್ನ ನೆತ್ತಿಯ ಗೆರೆಯ ಮಟ್ಟಕ್ಕೆ ಎರಡೂ ಕೈಯಲ್ಲಿ ಎತ್ತಿ ಹಿಡಿದ. ಹೊಸ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಬಂದಿದ್ದ.

"ನಿಧಾನ ಕಣೋ ಮೂಟೆ. ಇದು ಎರಡನೇದು."

ನಾನು ಹೆಡ್‌ಮೇಡಂ ಕಡೆ ನೋಡಿದೆ. ನೋಡಬಾರದಿತ್ತು. ಹೆಗಲೇ ಗಟ್ಟಿ ಅಂದ ಆ ದನಿ ಒಂಬತ್ತು ವರ್ಷದ ಹಿಂದಿನಿಂದ ಎದ್ದು ಬಂದು ಕಿವಿಯಲ್ಲಿ ಕೂತಿತು. ಓಡಿದೆ. ಮೂರನೇ ಹೆಜ್ಜೆಗೆ ಮಂಡಿ ಕೊಟ್ಟೆ, ಆ ಸಿಟ್ಟನ್ನೆಲ್ಲ ಸೇರಿಸಿ ಕೊಟ್ಟೆ. ಎಡಗಾಲು ನೆಲ ಬಿಟ್ಟಿತು. ಒದೆ ಹೋಯಿತು. ಏನೂ ತಾಗಲಿಲ್ಲ.

ಇಳಿದು ತಿರುಗಿದರೆ ಹಲಗೆ ಇದ್ದ ಹಾಗೇ ಇದೆ. ಹಿಂದೆ ಯಾರೋ ನಕ್ಕರು. ಡಿಗ್ರಿ ಮಾತ್ರ ನಗಲಿಲ್ಲ. ಅವನ ತಲೆಗೂದಲು ಎದ್ದು ನಿಂತಿತ್ತು.

"ಮಾಸ್ಟರ್" ಅಂದ, "ಇವನು ಹಲಗೆ ಮೇಲಿಂದ ಹೋದ."

"ಏನು?"

"ಮೇಲಿಂದ, ಮಾಸ್ಟರ್. ಇವನ ಹಿಮ್ಮಡಿ ಹಲಗೆಯ ಮೇಲಂಚು ದಾಟಿ ಹೋಯ್ತು. ಗಾಳಿ ಬಡೀತು ನನಗೆ."

ನಗು ನಿಂತಿತು. ಮಾಸ್ಟರ್ ನನ್ನ ಹತ್ತಿರ ಬಂದು, "ಎತ್ತರ ಜಾಸ್ತಿ ಆಯ್ತು. ಸ್ವಲ್ಪ ಕಮ್ಮಿ ಮಾಡು, ಮುರಿಯತ್ತೆ" ಅಂದರು ಪಿಸುಮಾತಲ್ಲಿ.

ನಾಲ್ಕು ವರ್ಷ ನೆಲ ಬಿಡದವನು ನಾನು. ಈಗ ಬಿಟ್ಟ ಮೇಲೆ ಕಮ್ಮಿ ಮಾಡು ಅಂದರೆ ಯಾವ ನ್ಯಾಯ?

"ಹಲಗೇನ ಜಾಸ್ತಿ ಮಾಡಿ ಮಾಸ್ಟರ್."

"ಇದು ಕೊನೇ ಅವಕಾಶ ಕಣೋ. ನಿಯಮ ನೆತ್ತಿ ತನಕ ಮಾತ್ರ."

"ನೆತ್ತಿಗಿಂತ ಕೆಳಗೆ ಹಿಡಿದ್ರೆ ತಾನೇ ನಿಯಮ ಬೇಡ ಅನ್ನೋದು. ಮೇಲೆ ಹಿಡಿದ್ರೆ ಬೇಡ ಅನ್ನತ್ತಾ?"

ಮಾಸ್ಟರ್ ನನ್ನನ್ನು ನೋಡಿದರು, ಬಾಗಿಲ ಕಡೆ ನೋಡಿದರು. ಅಪ್ಪ ಒಂದು ಸಲ ತಲೆ ಆಡಿಸಿದ. ಮಾಸ್ಟರ್ ಗೋಡೆಗೆ ಹೋಗಿ ನನ್ನ ನೆತ್ತಿಯ ಗೆರೆಯ ಮೇಲೆ ಟೇಪು ಹಿಡಿದು, ಆರು ಇಂಚು ಬಿಟ್ಟು ಹೊಸ ಗೆರೆ ಎಳೆದರು. ಅಷ್ಟು ಮೇಲೆ ಡಿಗ್ರಿಗೆ ಹಲಗೆಯನ್ನು ಗಟ್ಟಿಯಾಗಿ ಹಿಡಿಯಲು ಆಗಲಿಲ್ಲ. ಮೂಲೆಯಿಂದ ಒಂದು ಕ್ಲಾಸಿನ ಬೆಂಚು ಎಳೆದು ತಂದು ಅದರ ಮೇಲೆ ಹತ್ತಿದ.

"ಸಾಕಾ ಎತ್ತರ?" ಅಂದ ಮೇಲಿಂದ.

"ಅಲ್ಲಾಡಬೇಡ ಡಿಗ್ರಿ."

"ಅಲ್ಲಾಡ್ತಿರೋದು ಬೆಂಚು, ನಾನಲ್ಲ."

ಈ ಸಲ ಯಾರನ್ನೂ ನೋಡಲಿಲ್ಲ. ಎರಡು ತೋಳನ್ನೂ ಮುಂದೆ ಚಾಚಿ, ಅಲ್ಲಿಲ್ಲದ ಐವತ್ತು ಕಿಲೋವನ್ನು ಎದೆಗೆ ಅಪ್ಪಿಕೊಂಡೆ. ಜನಕ್ಕೆ ವಿಚಿತ್ರ ಕಂಡಿರಬೇಕು. ಒಂದು, ಎರಡು, ಮೂರು. ಮಂಡಿ ಕೊಟ್ಟೆ. ಮಂಡಿ ಎದೆಗೆ ಬಂತು, ಸೊಂಟ ಹಿಂದೆ ಬಂತು, ಎಡಗಾಲು ನೆಲ ಒದ್ದು ತಾನಾಗೇ ಎದ್ದು ಬಂತು. ಮೇಲೆ ಹೋದ ಮೇಲೆ ಒಂದು ಗಳಿಗೆ ಪುರುಸೊತ್ತು ಸಿಕ್ಕಿತು. ಯಾರೂ ನಂಬುವುದಿಲ್ಲ, ಆದರೆ ಸಿಕ್ಕಿತು. ಹಲಗೆಯ ನಡುವಿನ ಗಂಟು ಕಂಡಿತು. ಅದರ ಪಕ್ಕಕ್ಕೆ ಒದ್ದೆ.

ಸದ್ದು ಮಾತ್ರ ದೊಡ್ಡದಾಗಿರಲಿಲ್ಲ. ಒಣಕಡ್ಡಿ ಮುರಿದ ಹಾಗೆ ಲಟ್ ಅಂತು. ಡಿಗ್ರಿಯ ಒಂದೊಂದು ಕೈಯಲ್ಲೂ ಒಂದೊಂದು ತುಂಡು. ನಾನು ಎರಡು ಕಾಲಿನ ಮೇಲೆ ಇಳಿದೆ. ದೊಪ್ ಅಂತ ಮೂಟೆ ಇಳಿಸಿದ ಸದ್ದೇ ಬಂತು. ಈ ಸಲ ಯಾರೂ ನಗಲಿಲ್ಲ. ಆಮೇಲೆ ಹಾಲಿನಲ್ಲಿ ಎದ್ದ ಗದ್ದಲದಲ್ಲಿ ನನಗೆ ಕೇಳಿಸಿದ್ದು ಅಪ್ಪನ ದನಿ ಒಂದೇ. ಪಕ್ಕದಲ್ಲಿದ್ದ ಯಾರಿಗೋ ಹೇಳುತ್ತಿದ್ದ: "ಹಲಗೆ ಮುರೀತು. ನೋಡಿದ್ರಾ, ಹಲಗೆ ಮುರೀತು."

ಡಿಗ್ರಿ ಬೆಂಚಿನಿಂದ ಇಳಿದು ಎರಡೂ ತುಂಡು ನನ್ನ ಕೈಗಿಟ್ಟ. ನಾನು ಒಂದನ್ನು ತಿರುಗಿ ಅವನಿಗೇ ಕೊಟ್ಟೆ. ಕನ್ನಡಕದ ಬಾಬ್ತು ಅಂದೆ.

ಹೆಡ್‌ಮೇಡಂ ಮುಂದೆ ಮಾಸ್ಟರ್ ಸರ್ಟಿಫಿಕೇಟು ಇಟ್ಟರು. ಮೇಡಂ ಪೆನ್ನು ತೆರೆದು ನನ್ನ ಮುಖ ನೋಡಿದರು. "ನಿನ್ನ ಎಲ್ಲೋ ನೋಡಿದ ಹಾಗಿದೆಯಲ್ಲಪ್ಪ."

"ಹೌದು ಮೇಡಂ. ಇಲ್ಲೇ ಎಂಟನೇ ಕ್ಲಾಸಲ್ಲಿದ್ದೆ. ಟಿ.ಸಿ.ಗೂ ನೀವೇ ಸಹಿ ಹಾಕಿದ್ರಿ."

ನೆನಪಾಯಿತೋ ಇಲ್ಲವೋ ಗೊತ್ತಿಲ್ಲ. ಸಹಿ ಹಾಕಿದರು. ನನ್ನ ಬದುಕಿನಲ್ಲಿ ಅವರು ಹಾಕಿದ ಎರಡನೇ ಸಹಿ. ಈ ಸಲ ಅವರ ಮುಂದೆ ನಾನು ನಗಲಿಲ್ಲ. ಹೊರಗೆ ಬಂದ ಮೇಲೆ ಬೇಕಾದಷ್ಟು ನಕ್ಕೆ.

ಸೋಮವಾರ ಬೆಳಗ್ಗೆ ಮುಂದಿನ ಗೇಟಿನಿಂದ ಹೋದೆ. ಅಂಗಳದಲ್ಲಿ ನಲವತ್ತು ಮಕ್ಕಳು ಸಾಲಾಗಿ ನಿಂತಿದ್ದರು. ಮೊದಲ ಸಾಲಿನ ತುದಿಯಲ್ಲಿ ತಂಗಿ, ಮುಖ ಊದಿಸಿಕೊಂಡು.

"ಗುಡ್ ಮಾರ್ನಿಂಗ್ ಸರ್" ಅಂದರು ಎಲ್ಲರೂ.

"ಒಬ್ಬರ ದನಿ ಕೇಳಿಸಲಿಲ್ಲ" ಅಂದೆ.

"ಗುಡ್ ಮಾರ್ನಿಂಗ್ ಸರ್" ಅಂದಳು ತಂಗಿ, ಹಲ್ಲಿನ ಸಂದಿಯಿಂದ. "ಮನೆಗೆ ಬಾ, ಮಾಡ್ತೀನಿ."

ಅವರಿಗೆ ನಾನು ಮೊದಲ ಪಾಠ ಹೇಳಿದೆ: ಎಲ್ಲರೂ ಒಂದೊಂದು ದೊಡ್ಡ ಮೂಟೆ ಅಪ್ಪಿಕೊಳ್ಳಿ. ಇಲ್ಲದ ಮೂಟೆಯನ್ನು ನಲವತ್ತು ಜನ ಅಪ್ಪಿಕೊಂಡರು. ಮಂಡಿ ಕೊಡಿ ಅಂದೆ. ನಲವತ್ತು ಜೊತೆ ಕಾಲು ನೆಲ ಬಿಟ್ಟವು, ನಲವತ್ತು ಜೊತೆ ಕಾಲು ಒಟ್ಟಿಗೆ ನೆಲಕ್ಕೆ ಬಂದವು. ಮೇಲಿನ ರೂಮಿನ ಕಿಟಕಿ ಗಾಜು ಗಡಗಡ ಅಂತು.

ಐದು ನಿಮಿಷಕ್ಕೆ ಗುಮಾಸ್ತರು ಮೆಟ್ಟಿಲಿಳಿದು ಬಂದರು. ಅದೇ ಗುಮಾಸ್ತರು. "ಏನಪ್ಪಾ ಇದು ಸದ್ದು? ಮೇಡಂ ಕೇಳ್ತಿದಾರೆ."

"ಮೂಟೆ ಇಳಿಸ್ತಿದೀವಿ ಅಂತ ಹೇಳಿ ಸಾರ್" ಅಂದೆ. ಮಕ್ಕಳ ಕಡೆ ತಿರುಗಿದೆ. "ಇನ್ನೊಂದು ಸಲ."